ರಟ್ಟಿನ ತೂತು

ಒಂದು ಚಾದರಕ್ಕ ಎಷ್ಟು ರಟ್ಟು ಬೇಕು ಅಂತ ಕೇಳಿದರ
ನವಿಲು ಎಷ್ಟು ದೊಡ್ಡದು ಅಂತ ನಾ ತಿರುಗಿ ಕೇಳತೀನಿ.
ಸಣ್ಣ ನವಿಲಿಗೆ ನಾನೂರು,
ಗರಿ ಬಿಚ್ಚಿದ್ದಕ್ಕ ಸಾವಿರದ ಮ್ಯಾಲ.
ಸೊಲ್ಲಾಪುರದ ಅಕ್ಕಲಕೋಟ ರೋಡಿನ ಶೆಡ್ಡಿನಾಗ
ಮೂವತ್ತೊಂದು ವರ್ಷ ರಟ್ಟಿಗೆ ತೂತು ಬಡದೀನಿ
ನಾನು, ರೇವಣಸಿದ್ಧ.

ತೂತು ಇದ್ದಲ್ಲಿ ಎಳಿ ಮ್ಯಾಲ ಏಳತದ,
ಇಲ್ಲದಲ್ಲಿ ಕೆಳಗ ಉಳೀತದ.
ಇಷ್ಟೇ ವಿದ್ಯಾ.
ತಾ ನವಿಲಿನ ಕಣ್ಣೋ ಕಾಲೋ, ಎಳಿಗೆ ಗೊತ್ತಿಲ್ಲ.
ಮಗ್ಗದಾಗ ಬಟ್ಟಿ ಮಾರಿ ಕೆಳಗ ಮಾಡಿ ಬರತದ;
ಓಡಸೋ ನರ್ಸಯ್ಯ ದಿನವೆಲ್ಲ ಬೆನ್ನಷ್ಟೇ ನೋಡತಾನ.

ಮೊದಲ ಆರ್ಡರು ನಿಶಾನಿದು.
ದೂರದ ಊರು, ಹೆಸರಿಗೆ ನಾಲಿಗಿ ಹೊಳ್ಳಂಗಿಲ್ಲ.
ಅಲ್ಲೆ ಒಬ್ಬ ಬಂದಾನಂತ, ಅಂವ ಅಂದದ್ದೇ ಕಾಯ್ದೆ ಅಂದರು ಮಾಲಕರು,
ಅಂವ ತಪ್ಪಿದರ
ತಪ್ಪೇ ತನ್ನ ಹೆಸರು ಬದಲ ಮಾಡಕೋತದಂತ.
ನಗಿ ಬಂತು ನಮಗ.
ಶೇಂಗಾ ಚಟ್ನಿ ರೊಟ್ಟಿ ತಿಂದ್ವಿ. ಓವರ್‌ಟೈಮು ಸಿಕ್ತು.

ಆಮ್ಯಾಲ ತೋಳಪಟ್ಟಿ, ಎರಡು ನಮೂನಿ.
ಜರಿ ಅಂಚಿಂದು ಹಾಕ್ಕೊಂಡಾಂವ ಕೇಳಾಂವ,
ಬೂದಿಬಣ್ಣದ್ದು ಹಾಕ್ಕೊಂಡಾಂವ ಉತ್ತರ ಕೊಡಾಂವ.
ಗ್ರಾಫ್ ಕಾಗದದ ಕೆಳಗ ಒಂದು ಸಾಲಿತ್ತು,
ಮಾಲಕರ ಮಗ ಓದಿ ಹೇಳಿದ:
ಮೊದಲು ಗುರುತು ಆಗಲಿ, ಆಮ್ಯಾಲ ನೆಲ ಸ್ವಚ್ಛ ಆಗತದ.
ಸ್ವಚ್ಛ ಅನ್ನೋ ಮಾತಿಗೆ ಯಾರು ಬ್ಯಾಡ ಅಂತಾರ?
ನಮ್ಮ ಗಲ್ಲಿ ಗಟಾರ ತುಂಬಿ ಎಂಟು ದಿನ ಆಗಿತ್ತು.

ಬಣ್ಣದ ಹೌದಿನ ಲಾಡ್ಲೇಸಾಬ ಒಬ್ಬನೇ ಕೇಳಿದ,
ಬೂದಿ ನಮೂನಿ ಎಷ್ಟು?
ಮೂರು ಲಕ್ಷ ಚಿಲ್ಲರ, ಅಂದೆ.
ಮೊಣಕೈ ತನಕ ಅದೇ ಬಣ್ಣದಾಗ ಇದ್ದ ಅಂವ.
ಹಂಗಾದರ ಅಷ್ಟೂ ತೋಳು
ಯಾರೋ ಕುಂತು ಎಣಿಸ್ಯಾರ, ಅಂದ.
ಅಷ್ಟೇ ಅಂದ. ಕೈ ಒರಸ್ಕೊಂಡ. ಬಣ್ಣ ಹೋಗಲಿಲ್ಲ.

ಮೂರನೇ ಆರ್ಡರಿಗೆ ನನ್ನ ಕೆಲಸ ಇರಲಿಲ್ಲ.
ಬಿಳಿ ಬಟ್ಟಿ, ಅಂಚಿಲ್ಲ, ಹೂವಿಲ್ಲ,
ಐದು ಮೊಳದ ತುಂಡು.
ಸಾದಾ ಬಟ್ಟಿಗೆ ರಟ್ಟು ಬೇಕಾಗಂಗಿಲ್ಲ.
ಹದಿನೆಂಟು ದಿನ ಖಾಲಿ ಕುಂತೆ,
ಪಗಾರ ಕೊಡಲಿಲ್ಲ ಅಂತ ಮಾಲಕರ ಜೋಡಿ ಜಗಳಾಡಿದೆ.
ನಾ ಜಗಳಾಡಿದ್ದು ಅದಕ್ಕ.
ಅದಷ್ಟಕ್ಕ.

ಫೋಟೋ ನೋಡಿದ್ದು ಭಜಿ ಕಟ್ಟಿದ ಕಾಗದದಾಗ.
ಸಾಲಾಗಿ ಮಲಗಿಸಿದ್ರು.
ಎಣ್ಣಿ ಹತ್ತಿ ಅರ್ಧ ಕಾಣತಿರಲಿಲ್ಲ.
ಬಿಳೇದು ಸಾಲದೇ ಹೊರಗ ಉಳಿದಿತ್ತು ಒಂದು ತೋಳು, ಸಣ್ಣದು,
ಪಟ್ಟಿ ಎರಡು ಸುತ್ತು ಸುತ್ತಿದ್ರು.
ಗುರುತಿನ ಎಡಕ್ಕ ಒಂದು ಎಳಿ ಏಳದೇ ಉಳಿದಿತ್ತು.
ರಟ್ಟು ಬಡಿಯೋವಾಗ ಒಂದು ತೂತು ಬಿಟ್ಟಿದ್ದೆ.
ನನ್ನ ತಪ್ಪು ಎಲ್ಲಿದ್ದರೂ ನಾ ಗುರುತು ಹಿಡೀತೀನಿ.

ಹೇಳಿದಾಂವ ಮ್ಯಾಲಿನಾಂವ, ಕೊಂದಾಂವ ಜರಿ ಅಂಚಿನಾಂವ,
ಖರೆ.
ಆದರ ಮ್ಯಾಲಿನಾಂವಗ ಇದ್ದದ್ದು ಎರಡೇ ಕೈ.
ಉಳಿದವು ಯಾರವು, ಕೇಳಬ್ಯಾಡ್ರಿ.
ಭಜಿ ಕಾಗದ ಹಿಡಿದಿದ್ದವು
ಎರಡು ನನ್ನವು.

ನಿನ್ನೆ ನಾಕು ಹುಡುಗರು ಬಂದಿದ್ರು, ನಮ್ಮ ಪೇಠದವರೇ.
ಒಬ್ಬಂವನ ಜಾವಳಕ್ಕ ನಾ ಉಂಡು ಬಂದೀನಿ.
ಕಾಕಾ, ಸಣ್ಣ ಗುರುತು, ಬಾಗಿಲಿಗೆ ಕಟ್ಟೋದು,
ರೊಕ್ಕ ಮುಂಗಡ, ಅಂದರು.
ಎಷ್ಟು ಬೇಕು ಅಂದೆ, ಮೂವತ್ತೊಂದು ವರ್ಷದ ರೂಢಿ.
ಕಿಸೆದಿಂದ ಪಟ್ಟಿ ತಗದು ಮನಿ ನಂಬರು ಓದಿದ.
ಹನ್ನೆರಡನೇದು ಲಾಡ್ಲೇಸಾಬಂದು.

ಅವರು ಹೊರಗ ಕಟ್ಟಿಮ್ಯಾಲ ಕುಂತಾರ, ಚಾ ಕುಡೀತಾ.
ರಟ್ಟು ಮುಂದ ಅದ, ಖಾಲಿ.
ನರ್ಸಯ್ಯಾ, ಮಗ್ಗ ನಿಲ್ಲಸು,
ಬಗ್ಗಿ ಬಟ್ಟಿ ಮಾರಿ ನೋಡು, ಅಂತ ಕೂಗಿದೆ.
ಆ ಸಪ್ಪಳದಾಗ ಅಂವಗ ಕೇಳಸ್ತೋ ಇಲ್ಲೋ.
ಮತ್ತ ಕೂಗಿದೆ.